ಮಹಡಿ ಮೇಲಿನ ರೂಮು

ಕೆಳಗೆ ಓನರ್ ಮನೆ, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಮೇಲೆ ಸಾಲಾಗಿ ಮೂರು ರೂಮು. ಮಂಡ್ಯದ ಕಾಲೇಜುಗಳ ಆಸುಪಾಸಿನ ಬಡಾವಣೆಗಳಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕಾರು ಸಿಗುತ್ತವೆ. ಮೆಟ್ಟಿಲ ಬುಡದಲ್ಲಿ ಹವಾಯಿ ಚಪ್ಪಲಿ, ಕ್ಯಾನ್ವಾಸ್ ಶೂ ಗುಡ್ಡೆ ಬಿದ್ದಿದ್ದರೆ ಮೇಲಿರುವವರು ಹುಡುಗರು ಎಂದು ಯಾರನ್ನೂ ಕೇಳಬೇಕಿಲ್ಲ.

ನಾನು ಹೇಳಹೊರಟ ರೂಮು ಆ ಮೂರರಲ್ಲಿ ಕೊನೆಯದು. ಹತ್ತಡಿಗೆ ಹತ್ತಡಿ. ಹಾಲೋ ಬ್ಲಾಕಿನ ತೆಳು ಗೋಡೆ, ಹೊರಗಡೆ ಗಾರೆ ಕಂಡಿಲ್ಲ. ಬಾಗಿಲು ತೆಗೆದರೆ ಮೊದಲು ಬಡಿಯುವುದು ವಾಸನೆ: ಒಣಗದ ಟವೆಲ್ಲು, ಹಸಿ ಸಿಮೆಂಟು, ಅದರ ಜೊತೆಗೆ ಸೀಮೆಎಣ್ಣೆ ಕಾಣದಿದ್ದರೂ ಸೀಮೆಎಣ್ಣೆಯಂಥದ್ದೇ ಇನ್ನೊಂದು ಕಮಟು. ಬಲಗಡೆ ಮೂಲೆಯಲ್ಲಿ ನೆಲದಿಂದ ಎದೆಯೆತ್ತರದವರೆಗೆ ಕಪ್ಪು ಬೂಷ್ಟು. ಅದರ ಅಂಚಿನಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿದೆ. ಮೇಲೆ ತಾರಸಿಯಲ್ಲಿ ಒಂದು ಕಡೆ ಗಾರೆ ಕಿತ್ತುಬಿದ್ದು ತುಕ್ಕು ಹಿಡಿದ ಕಂಬಿ ಕಾಣುತ್ತದೆ. ಅದರ ಕೆಳಗೆ ಪೇಂಟಿನ ಖಾಲಿ ಬಕೆಟ್ಟು. ದೀಪದ ಹೋಲ್ಡರಿನಿಂದಲೂ ನೀರು ಜಿನುಗುತ್ತಿದ್ದುದರಿಂದ ಹುಡುಗರೇ ಬಲ್ಬು ಬಿಚ್ಚಿ, ಪ್ಲಗ್ಗಿನಿಂದ ಒಂದು ವೈರು ಎಳೆದು ಕಿಟಕಿಯ ಸರಳಿಗೆ ದೀಪ ಕಟ್ಟಿಕೊಂಡಿದ್ದಾರೆ. ಒಣಗಿರುವ ಒಂದೇ ಗೋಡೆಗೆ ಮೂರು ಮೊಳೆ. ಮೂರು ಮೊಳೆಗೆ ಮೂರು ಬ್ಯಾಗು. ಅದೇ ಗೋಡೆಯ ಮೇಲೆ ಮುತ್ತತ್ತಿ ಆಂಜನೇಯನ ಫೋಟೊ.

ಪುಸ್ತಕ ಎಲ್ಲೂ ಕಾಣಲಿಲ್ಲ. ಓದುವ ಹುಡುಗರ ರೂಮಿನಲ್ಲಿ ಪುಸ್ತಕವಿಲ್ಲವೇ ಎಂದುಕೊಂಡೆ. ಊರಿನಿಂದ ಅಕ್ಕಿ ತುಂಬಿ ಕಳಿಸಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ತಿರುಗಿಸಿ ಹುಡುಗ ತೋರಿಸಿದ. ನೋಟ್ಸು, ರೆಕಾರ್ಡು, ಹಾಲ್‌ಟಿಕೆಟ್ಟು, ಜಾತಿ ಸರ್ಟಿಫಿಕೇಟು ಎಲ್ಲ ಅದರೊಳಗೆ. ಅಕ್ಕಿಯನ್ನು ಚೀಲಕ್ಕೆ ಸುರಿದು ಮೂಲೆಗಿಟ್ಟಿದ್ದರು. ಚೀಲದ ಬುಡ ಥಂಡಿ ಹಿಡಿದು ಅಕ್ಕಿ ಮುಗ್ಗಿತ್ತು.

ಆ ಹುಡುಗ ನಮ್ಮೂರಿನವನು. ನಮ್ಮೂರು ಬೆಳಕವಾಡಿ, ಮಳವಳ್ಳಿ ತಾಲ್ಲೂಕು. ಶಿವನಸಮುದ್ರ, ಶಿಂಷಾ ಎಂದರೆ ದಾರಿ ಗೊತ್ತಾಗುವವರು ಹೆಚ್ಚು. ಕಾವೇರಿ ಧುಮುಕುವ ಜಾಗದಲ್ಲಿ 1902ರಲ್ಲಿ ಕರೆಂಟು ಹುಟ್ಟಿಸಿ, ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಇಲ್ಲಿಂದಲೇ. ಆಮೇಲೆ 1940ರಲ್ಲಿ ಶಿಂಷಾದಲ್ಲೂ ವಿದ್ಯುದಾಗಾರವಾಯಿತು. ಹಾಗಾಗಿ ಈ ಸುತ್ತಿನ ಊರುಗಳಲ್ಲಿ ಬೇಸಾಯ ಬಿಟ್ಟರೆ ‘ಬ್ಲಫ್ಫಲ್ಲಿ ಕೆಲಸ’, ಅಂದರೆ ವಿದ್ಯುದಾಗಾರದ ಕೆಲಸ, ಎನ್ನುವುದೇ ದೊಡ್ಡ ಮಾತಾಗಿತ್ತು. ಈಗ ಆ ಕಾಲ ಹೋಗಿದೆ. ಮಕ್ಕಳು ಓದಬೇಕು, ಓದಬೇಕೆಂದರೆ ಊರು ಬಿಡಬೇಕು. ಮಳವಳ್ಳಿಯಾದರೆ ಬಸ್ಸಿನಲ್ಲಿ ಹೋಗಿ ಬರಬಹುದು. ಇಂಜಿನಿಯರಿಂಗೋ ಡಿಪ್ಲೊಮಾನೋ ನರ್ಸಿಂಗೋ ಎಂದು ಮಂಡ್ಯ, ಮೈಸೂರು ಸೇರಿದವರು ದಿನಾ ಓಡಾಡಲಾರರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ದೂರವಾದರೂ ಸರಿ ಎಂದು ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾರೆ, ಟಿಕೆಟ್ಟಿನ ಖರ್ಚಿಲ್ಲ. ಗಂಡುಹುಡುಗರಿಗೆ ಪಾಸು, ಟೈಮು, ಲ್ಯಾಬು ಎಲ್ಲ ಲೆಕ್ಕ ಹಾಕಿದರೆ ರೂಮೇ ವಾಸಿ ಅನ್ನಿಸುತ್ತದೆ.

ಹಾಸ್ಟೆಲ್ ಇಲ್ಲವೇ? ಇದೆ. ಅರ್ಜಿ ಹಾಕಿದವರಿಗೆಲ್ಲ ಸೀಟಿಲ್ಲ. ಸರ್ಕಾರಕ್ಕೂ ಇದು ಗೊತ್ತಿರುವುದರಿಂದಲೇ ವಿದ್ಯಾಸಿರಿ ಎಂಬ ಯೋಜನೆ ಹುಟ್ಟಿತು: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವುದು ಎಂದು ಅದು ಶುರುವಾಯಿತು. ದುಡ್ಡು ಕೊಟ್ಟು ಹೊರಗೆ ಇರು ಎಂದ ಮೇಲೆ, ಆ ಹೊರಗಿನ ಮನೆ ಹೇಗಿದೆ ಎಂದು ನೋಡುವವರು ಯಾರು? ಕಾಲೇಜು ನೋಡುವುದಿಲ್ಲ. ನಗರಸಭೆ ಕಂದಾಯ ಕಟ್ಟಿಸಿಕೊಳ್ಳುತ್ತದೆ, ಒಳಗೆ ಬಂದು ತಾರಸಿ ನೋಡುವುದಿಲ್ಲ. ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆ ಪಿ.ಜಿ.ಗಳಿಗೆ ನಿಯಮ ತಂದು ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ಗೊತ್ತುಮಾಡಿತು. ಆ ಲೆಕ್ಕ ಹಿಡಿದರೆ ಈ ಹತ್ತಡಿ ರೂಮಿನಲ್ಲಿ ಒಬ್ಬನೇ ಇರಬೇಕು. ಇರುವವರು ಮೂವರು.

ಚಿತ್ತೆ ಮಳೆ ಹಿಡಿದಿದ್ದ ಕಾಲ. ವಾರದ ಕೊನೆಗೆ ಊರಿಗೆ ಬಂದ ಹುಡುಗನ ಕೆಮ್ಮು ಕೇಳಿ, ಬಟ್ಟೆಯ ವಾಸನೆ ನೋಡಿ, ಅವರವ್ವನಿಗೆ ಅನುಮಾನ ಬಂತು. ಅವನು ‘ಏನಿಲ್ಲ ಕನವ್ವ, ಶೀತ’ ಎಂದ. ಆಕೆ ಸುಮ್ಮನಾಗುವವಳಲ್ಲ. ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದ ಹೊತ್ತು. ಅದನ್ನು ಬಿಟ್ಟು ಬರುವುದೆಂದರೆ ರೇಷ್ಮೆ ಮೇಯಿಸುವವರಿಗೆ ಪ್ರಾಣಸಂಕಟ. ಆದರೂ ನಾದಿನಿಗೆ ಸೊಪ್ಪು ಹಾಕಲು ಹೇಳಿ, ಬೆಳಗಿನ ಬಸ್ಸಿಗೆ ಹೊರಟಳು. ಜೊತೆಗೆ ಹುಡುಗನ ದೊಡ್ಡಪ್ಪ. ಬ್ಲಫ್ಫಿನಲ್ಲಿ ವೈರ್‌ಮನ್ ಆಗಿದ್ದು ರಿಟೈರಾದವರು. ಪಕ್ಕದ ಮನೆಯವನು, ನಾಲ್ಕಕ್ಷರ ಬರೆಯುವವನು ಎಂದು ನನ್ನನ್ನೂ ಕರೆದರು.

ರೂಮಿನೊಳಗೆ ಕಾಲಿಟ್ಟವಳೇ ಆ ತಾಯಿ ಬೂಷ್ಟಿನ ಗೋಡೆಯ ಹತ್ತಿರ ಹೋಗಿ ಅಂಗೈ ಊರಿ ನಿಂತಳು. ಆಮೇಲೆ ಕೈ ಮೂಸಿ ನೋಡಿಕೊಂಡಳು. “ಇದು ಸುಣ್ಣಕಟ್ಟು ಬರೋ ಮನೆ ಕನಪ್ಪ. ಇಲ್ಲಿ ನಾನು ಹುಳಾನೂ ಮೇಯ್ಸಕಿಲ್ಲ.”

ಹುಳು ಸಾಕದವರಿಗೆ ಈ ಮಾತಿನ ತೂಕ ತಿಳಿಯಲಿಕ್ಕಿಲ್ಲ. ಸುಣ್ಣಕಟ್ಟು ಎಂದರೆ ಶಿಲೀಂಧ್ರದ ರೋಗ. ಥಂಡಿ, ತೇವ ಎರಡೂ ಸೇರಿದ ಮಳೆಗಾಲದಲ್ಲಿ ಬರುತ್ತದೆ. ಹುಳು ಸತ್ತು ಮೈಯೆಲ್ಲ ಬೆಳ್ಳಗಾಗಿ ಸೀಮೆಸುಣ್ಣದ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಒಂದು ತಟ್ಟೆಗೆ ಬಂದರೆ ಇಡೀ ಬೆಳೆ ಹೋದ ಲೆಕ್ಕ. ಅದಕ್ಕೇ ಮಳೆ ಶುರುವಾದ ಕೂಡಲೇ ಹುಳುಮನೆಯ ಕಿಟಕಿ ತೆಗೆದು ಗಾಳಿಯಾಡಿಸುತ್ತಾರೆ, ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತಾರೆ, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆಲ-ಗೋಡೆ ತೊಳೆಯುತ್ತಾರೆ. ಒಳಗೆ ಥರ್ಮಾಮೀಟರು ತೂಗುತ್ತಿರುತ್ತದೆ. ದೊಡ್ಡ ಹುಳುವಿಗೆ 24-25 ಡಿಗ್ರಿ ಶಾಖ, ಶೇಕಡಾ 70ರ ಸುಮಾರು ತೇವ ಎಂದು ಆಕೆಗೆ ಬಾಯಿಪಾಠ. ಮನೆ ಎಂದರೆ ಏನು, ಗಾಳಿ ಎಂದರೆ ಏನು, ಒದ್ದೆ ಗೋಡೆ ಏನು ಮಾಡುತ್ತದೆ ಎಂಬುದನ್ನು ಈ ಹೆಂಗಸು ಯಾವ ಇಂಜಿನಿಯರಿಗಿಂತಲೂ ಕಡಮೆ ಬಲ್ಲವಳಲ್ಲ. ಹಾಗಿದ್ದೂ ಮಗನ ರೂಮಿಗೆ 4,500 ರೂಪಾಯಿ ಬಾಡಿಗೆ, 30,000 ಅಡ್ವಾನ್ಸು ಮೂರು ಮನೆಯವರು ಸೇರಿ ಕಟ್ಟುವಾಗ, ಆಕೆ ಆ ರೂಮು ನೋಡಿರಲಿಲ್ಲ. ‘ಓದೋ ಹುಡುಗ್ರ ರೂಮು, ಹೆಂಗೋ ಇರ್ತದೆ’ ಎಂದುಕೊಂಡಿದ್ದರು ಎಲ್ಲರೂ.

ಹುಡುಗರು ಓನರನ್ನು ಕೇಳಿರಲಿಲ್ಲವೆಂದಲ್ಲ. ಬಾಡಿಗೆ ಕೊಡಲು ಕೆಳಗಿಳಿದಾಗಲೆಲ್ಲ ಕೇಳಿದ್ದರು. ಉತ್ತರಗಳನ್ನು ಹುಡುಗ ಒಂದೊಂದಾಗಿ ಹೇಳಿದ. “ಮಳೆ ನಿಲ್ಲಲಿ ಕನ್ರಪ್ಪ.” ಮಳೆ ನಿಂತ ಮೇಲೆ, “ಮೇಸ್ತ್ರಿ ಸಿಕ್ತಿಲ್ಲ.” ಆಮೇಲೆ, “ಒಂದ್ ಕೈ ಸುಣ್ಣ ಹೊಡ್ಸಿಬುಡ್ತೀನಿ, ಕಾಣಕಿಲ್ಲ.” ಕೊನೆಗೊಂದು ದಿನ, “ಇಷ್ಟ ಇದ್ರೆ ಇರಿ, ಇಲ್ದಿದ್ರೆ ಖಾಲಿ ಮಾಡಿ.” ಈ ಕೊನೆಯ ಮಾತಿನ ಮುಂದೆ ಹುಡುಗರ ಬಾಯಿ ಕಟ್ಟಿತ್ತು. ಖಾಲಿ ಮಾಡಿದರೆ ಅಡ್ವಾನ್ಸು ಯಾವಾಗ ಬರುತ್ತದೋ. ಬರುವವರೆಗೆ ಇನ್ನೊಂದು ಮನೆಗೆ ಕಟ್ಟಲು ದುಡ್ಡೆಲ್ಲಿ? ಡೈರಿ ಬಟವಾಡೆ ಒಟ್ಟುಮಾಡಿ, ಗೂಡು ಮಾರಿದ್ದರಲ್ಲಿ ಒಂದಿಷ್ಟು ಸೇರಿಸಿ ತಂದ ಹಣ ಅದು. ಅಡ್ವಾನ್ಸು ಎನ್ನುವುದು ಬಾಡಿಗೆಗೆ ಭದ್ರತೆ ಎಂದು ಕಾಗದದಲ್ಲಿರುತ್ತದೆ. ನಡೆಯುವಾಗ ಅದು ಬಾಡಿಗೆದಾರನ ಮಾತಿಗೆ ಹಾಕಿದ ಬೀಗವಾಗುತ್ತದೆ. ಊರಿಂದ ಬಂದ ಹದಿನೆಂಟು-ಇಪ್ಪತ್ತರ ಹುಡುಗನಿಗೆ ಇನ್ನೂ ಒಂದು ಕಟ್ಟು: ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಮನೆಯಲ್ಲಿ ಕಲಿಸಿದ್ದು. ಆ ಮರ್ಯಾದೆ ಒಳ್ಳೆಯದೇ. ಅದನ್ನು ಹಿಡಿದುಕೊಂಡು ಸೋರುವ ತಾರಸಿಯ ಕೆಳಗೆ ಮಲಗಿಸುವುದು ಒಳ್ಳೆಯದಲ್ಲ.

ಓನರು ಕೆಟ್ಟವರೆಂದು ನಾನು ಬರೆಯಲಾರೆ. ಅವರೂ ಹಳ್ಳಿಯಿಂದ ಬಂದು, ಸಾಲ ಮಾಡಿ ಸೈಟು ತೆಗೆದುಕೊಂಡು, ಕೆಳಗೆ ಒಂದು ಮನೆ ಕಟ್ಟಿ, ಕೈಯಲ್ಲಿದ್ದ ಅಷ್ಟಿಷ್ಟರಲ್ಲಿ ಮೇಲೆ ಮೂರು ರೂಮು ಎಬ್ಬಿಸಿದವರು. ಪೆನ್ಷನ್ ಇಲ್ಲ, ರೂಮುಗಳ ಬಾಡಿಗೆಯೇ ಪೆನ್ಷನ್ನು. ರಿಪೇರಿ ಎಂದರೆ ಅವರ ಕಣ್ಣಿಗೆ ಲಕ್ಷದ ಲೆಕ್ಕ ಕಾಣುತ್ತದೆ, ಅದಕ್ಕೇ ಮುಂದಕ್ಕೆ ಹಾಕುತ್ತಾರೆ. ಹಾಕಿದಷ್ಟೂ ಲೆಕ್ಕ ಬೆಳೆಯುತ್ತದೆ. ಕಾಂಕ್ರೀಟಿನೊಳಗಿನ ಕಂಬಿಗೆ ನೀರು ತಾಗಿ ತುಕ್ಕು ಹಿಡಿದರೆ ಆ ತುಕ್ಕು ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಸೀಳಿದ ಜಾಗದಿಂದ ಇನ್ನಷ್ಟು ನೀರು. ಹುಡುಗರ ತಲೆಯ ಮೇಲೆ ಉದುರಿದ್ದು ಬರೀ ಗಾರೆಯಲ್ಲ, ಓನರ ಸ್ವಂತ ಸೂರೂ ಹೌದು.

ದೊಡ್ಡಪ್ಪ ಕೆಳಗೆ ಹೋಗಿ ಅವರನ್ನು ಕರೆದುಕೊಂಡು ಬಂದರು. “ಅಣ್ಣಾರೇ, ಜಗಳಕ್ಕಲ್ಲ ನಾವು ಬಂದಿರೋದು. ಒಂದ್ಸಾರಿ ಮ್ಯಾಲಕ್ಕೆ ಹತ್ತಿ ನೋಡಾನ ಬನ್ನಿ.” ಪರಿಚಯದ ಒಬ್ಬ ಗಾರೆ ಮೇಸ್ತ್ರಿಯನ್ನೂ ದಾರಿಯಲ್ಲೇ ಹೇಳಿ ಬಂದಿದ್ದರು. ಆತ ಮೊದಲು ರೂಮಿನೊಳಗೆ ಸ್ಟೂಲು ಹತ್ತಿ, ಸುತ್ತಿಗೆಯ ಹಿಡಿಯಿಂದ ತಾರಸಿಯನ್ನು ಮೆಲ್ಲಗೆ ತಟ್ಟುತ್ತ ಹೋದ. ಟಕ್, ಟಕ್, ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಡೊಬ್ ಎಂದಿತು. ಪೊಳ್ಳು. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದ. ಗೆರೆ ಮಂಚದ ಮೇಲೆಯೇ ಬಂತು. ಯಾರೂ ಹೇಳದೆಯೇ ಹುಡುಗರು ಮಂಚ ಎಳೆದರು.

ಮೇಲೆ ಹತ್ತಿದ ಮೇಲೆ ನಿಜ ಗೊತ್ತಾಯಿತು. ತಾರಸಿಯ ಮೂಲೆಯಲ್ಲಿ ಮಳೆನೀರು ಹೋಗಬೇಕಾದ ಕೊಳವೆಯ ಬಾಯಿಗೆ ಎಲೆ, ಮಣ್ಣು, ಗುಟ್ಕಾ ಕವರು, ಒಂದು ಹರಿದ ಚಪ್ಪಲಿ ಸೇರಿ ಮೆತ್ತಿಕೊಂಡಿದ್ದವು. ನೀರು ಅಲ್ಲೇ ಕೆರೆಯಾಗಿ ನಿಂತಿತ್ತು. ಪ್ಯಾರಪೆಟ್ಟು ತಾರಸಿಗೆ ಕೂಡುವ ಸಂದಿನಲ್ಲಿ ಗೇಣುದ್ದದ ಅರಳಿ ಸಸಿ. ಅದೂ ಇರಲಿ, ಅವತ್ತು ಮಳೆ ಇರಲಿಲ್ಲ, ಆದರೂ ಸಿಂಟೆಕ್ಸ್ ಟ್ಯಾಂಕಿನ ಮೇಲಿಂದ ನೀರು ದಳದಳ ಸುರಿಯುತ್ತಿತ್ತು. ಕೆಳಗೆ ಓನರ ಮನೆಯವರು ಮೋಟಾರು ಹಾಕಿ ಮರೆತಿದ್ದರು. ಟ್ಯಾಂಕು ತುಂಬಿದಾಗೆಲ್ಲ ಹೀಗೇ ಹರಿಯುತ್ತದಂತೆ. ಮಳೆ ಬಿಡುವು ಕೊಟ್ಟಾಗಲೂ ಗೋಡೆ ಯಾಕೆ ಒಣಗುತ್ತಿಲ್ಲ ಎಂಬುದಕ್ಕೆ ಉತ್ತರ ಎಲ್ಲರ ಕಣ್ಣೆದುರೇ ಹರಿಯುತ್ತಿತ್ತು.

ಓನರು ತಲೆ ಕೆರೆದುಕೊಂಡರು. “ನಾನ್ ಮೇಲ್ಗಡೆ ಹತ್ತೇ ಬಾಳ ದಿಸ ಆಯ್ತು, ಮಂಡಿನೋವು.” ಅವರ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಮೇಸ್ತ್ರಿ ಬೆರಳು ಮಡಿಚಿ ಲೆಕ್ಕ ಹೇಳಿದ: ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟು ಒಂದು, ಕೊಳವೆ ಬಾಯಿ ಬಿಡಿಸಿ ಜಾಲರಿ, ಸಸಿಯನ್ನು ಬೇರು ಸಮೇತ ಕಿತ್ತು ಸಂದು ತುಂಬುವುದು, ನೀರು ನಿಲ್ಲುವ ಕಡೆ ಇಳಿಜಾರು ಕೊಟ್ಟು ಗಾರೆ, ಒಳಗೆ ಪೊಳ್ಳು ಕೆಡವಿ, ಕಂಬಿ ಉಜ್ಜಿ, ತುಕ್ಕು ಹಿಡಿಯದ ಬಣ್ಣ ಬಳಿದು ಮತ್ತೆ ಗಾರೆ. ಸುಣ್ಣ ಆಮೇಲೆ, ಗೋಡೆ ಒಣಗಿದ ಮೇಲೆ. ಓನರು ಹೆದರಿಕೊಂಡಿದ್ದ ಲಕ್ಷ ಎಲ್ಲೂ ಬರಲಿಲ್ಲ.

ಬೂಷ್ಟಿನ ಮೇಲೆ ಸುಣ್ಣ ಹೊಡೆದು ಮುಚ್ಚುವ ಬುದ್ಧಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ ಒಂದು ಸಂಸಾರ ಬಾಡಿಗೆ ಮನೆಯ ಬೂಷ್ಟಿನ ಬಗ್ಗೆ ದೂರುತ್ತಲೇ ಇತ್ತು; ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಸಿಕ್ಕಿತ್ತು. 2020ರ ಡಿಸೆಂಬರಿನಲ್ಲಿ ಆ ಮನೆಯ ಎರಡು ವರ್ಷದ ಮಗು, ಅವಾಬ್ ಇಶಾಕ್, ತೀರಿಕೊಂಡಿತು. ಬೂಷ್ಟಿನ ಗಾಳಿಯೇ ಉಸಿರಾಟ ಕೆಡಲು ಕಾರಣ ಎಂದು 2022ರಲ್ಲಿ ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂದು, 2025ರ ಅಕ್ಟೋಬರಿನಿಂದ ಅಲ್ಲಿನ ಸಾಮಾಜಿಕ ವಸತಿ ಮನೆಗಳಲ್ಲಿ ಜಾರಿಯಾಗಿದೆ: ಜೀವಕ್ಕೆ ಅಪಾಯವಿದ್ದರೆ 24 ಗಂಟೆಯೊಳಗೆ ಸರಿಪಡಿಸಬೇಕು, ಹೆಚ್ಚಿನ ಬೂಷ್ಟು-ತೇವದ ದೂರು ಬಂದರೆ ಹತ್ತು ಕೆಲಸದ ದಿನದೊಳಗೆ ಬಂದು ನೋಡಬೇಕು. ನಾನು ಇದನ್ನು ರೂಮಿನಲ್ಲಿ ಹೇಳಿದಾಗ ಆ ತಾಯಿ ಮಗನ ಬೆನ್ನ ಮೇಲೆ ಕೈಯಿಟ್ಟಳು, ಮಾತಾಡಲಿಲ್ಲ.

ನಮ್ಮ ಕಾನೂನು ಏನನ್ನುತ್ತದೆ? ಕರ್ನಾಟಕ ಬಾಡಿಗೆ ಕಾಯ್ದೆ 1999ರದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ಹೊರಗಿಟ್ಟಿದೆ. ಆ ಕಾಲಕ್ಕೆ ಅದು ಉಳ್ಳವರ ಮನೆಯ ಬಾಡಿಗೆ. ಇವತ್ತು ಸೋರುವ ಒಂದು ರೂಮಿನ ಬಾಡಿಗೆ. ಹೀಗಾಗಿ ಓದುವ ಹುಡುಗರ ರೂಮುಗಳು ಬಹುಪಾಲು ಆ ಕಾಯ್ದೆಯ ನೆರಳಿಗೆ ಬರುವುದೇ ಇಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ: ಮಾಲೀಕ ತಾನು ಮಾಡಿಕೊಡಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಿಕೊಡಲೇಬೇಕಾದ’ ಎಂಬಲ್ಲಿ ಗಂಟಿದೆ. ಯಾವುದನ್ನು ಮಾಲೀಕ ಮಾಡಿಕೊಡಲೇಬೇಕು ಎಂಬುದು ಕರಾರು ಪತ್ರದಲ್ಲಿದ್ದರೆ ಬಾಡಿಗೆದಾರನ ಕೈ ಗಟ್ಟಿ.

ಹುಡುಗರ ಕರಾರು ಪತ್ರ ತೆಗೆಸಿ ಓದಿದೆ. ಎಲ್ಲ ಕಡೆಯಂತೆ ಹನ್ನೊಂದು ತಿಂಗಳದ್ದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಹಾಗೆ ಬರೆಸುತ್ತಾರೆ. ಬಾಡಿಗೆ ಇಂತಿಷ್ಟು, ಐದನೇ ತಾರೀಕಿನೊಳಗೆ, ರಾತ್ರಿ ಹತ್ತರ ಮೇಲೆ ಗೇಟು ಹಾಕಲಾಗುವುದು, ಮಾಂಸದಡಿಗೆ ಕೂಡದು, ಖಾಲಿ ಮಾಡುವಾಗ ಸುಣ್ಣ-ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯಲಾಗುವುದು. ಬಾಡಿಗೆದಾರ ಮಾಡಬೇಕಾದ್ದು ಒಂದು ಪುಟ ತುಂಬಿತ್ತು. ಮಾಲೀಕ ಮಾಡಬೇಕಾದ್ದು ಒಂದು ಸಾಲೂ ಇರಲಿಲ್ಲ. ಬಾಂಡ್ ಬರೆಯುವವರ ಕಂಪ್ಯೂಟರಿನಲ್ಲಿ ಇದೇ ಒಂದು ನಮೂನೆ. ಹೆಸರು, ಮೊತ್ತ ಬದಲಾಯಿಸಿ ಪ್ರಿಂಟು ತೆಗೆಯುತ್ತಾರೆ.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ನಮೂನೆ 2021ರಲ್ಲಿ ಬಂದಿದೆ. ಕೇಂದ್ರ ಸಂಪುಟ ಆ ವರ್ಷದ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಆದರೂ ಅದರಲ್ಲಿ ಯಾರ ರಿಪೇರಿ ಯಾರದು ಎಂಬ ಪಟ್ಟಿ ಇದೆ: ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣ, ನೀರಿನ ಕೊಳವೆ, ವೈರಿಂಗು ಮಾಲೀಕನದು, ನಲ್ಲಿಯ ವಾಷರು, ಸ್ವಿಚ್ಚು-ಸಾಕೆಟ್ಟು, ಚರಂಡಿ ಬಿಡಿಸುವುದು, ಕಿಟಕಿಯ ಗಾಜು ಬಾಡಿಗೆದಾರನದು. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಇದೆ. ಇದು ಜಾರಿಯಾಗಲಿ ಬಿಡಲಿ, ಇಬ್ಬರೂ ಒಪ್ಪಿ ಕರಾರಿನಲ್ಲಿ ಈ ಪಟ್ಟಿಯನ್ನೇ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ದೊಡ್ಡಪ್ಪನ ಕೆಲಸ ಇನ್ನೂ ಬಾಕಿ ಇತ್ತು. ಚೀಲದಿಂದ ಎರಡು ವೈರು ಇಳಿಬಿಟ್ಟ ಒಂದು ಬಲ್ಬು ತೆಗೆದರು, ಬ್ಲಫ್ಫಿನ ಕಾಲದ ಟೆಸ್ಟ್ ಲ್ಯಾಂಪು. ಪ್ಲಗ್ಗಿನ ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟರು, ಬಲ್ಬು ಉರಿಯಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಕೊಟ್ಟರು, ಉರಿಯಲಿಲ್ಲ. ಅರ್ಥಿಂಗ್ ಇಲ್ಲ. ಮೂರು ಪಿನ್ನಿನ ಪ್ಲಗ್ಗು, ಮೂರನೆಯದು ಬರೀ ತೂತು. ಆ ಪ್ಲಗ್ಗಿಗೇ ಹುಡುಗರು ಬೆಳಿಗ್ಗೆ ನೀರು ಕಾಯಿಸುವ ಹೀಟರ್ ಕಡ್ಡಿ ಹಾಕುತ್ತಿದ್ದದ್ದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು. ದೊಡ್ಡಪ್ಪ ಅಷ್ಟು ಹೊತ್ತು ಮೆತ್ತಗೆ ಮಾತಾಡುತ್ತಿದ್ದವರು ಮೊದಲ ಸಲ ದನಿ ಎತ್ತಿದರು. “ತಾರಸಿ ಹದಿನೈದು ದಿಸ ತಡ ಆದ್ರೂ ಆಯ್ತದೆ ಅಣ್ಣಾರೇ. ಇದು ನಾಳೆಗೆ ಆಗ್ಬೇಕು. ನಾನು ಮೂವತ್ತು ವರ್ಸ ಕರೆಂಟ್ ಹತ್ರ ಬದುಕ್ದವ್ನು, ಕರೆಂಟಿಗೆ ನಾಳೆ ಅನ್ನೋದು ಗೊತ್ತಿಲ್ಲ.” ಒಂದು ಅರ್ಥ್ ಪಿಟ್ಟು, ಮೇನ್ ಬೋರ್ಡಿನಲ್ಲಿ ಸೋರಿಕೆ ಕಂಡೊಡನೆ ಕಡಿಯುವ 30 ಮಿಲಿ ಆಂಪಿಯರಿನ ಒಂದು ಬ್ರೇಕರು. ಇಷ್ಟಿದ್ದರೆ ಒಂದು ಜೀವ ಉಳಿಯುತ್ತದೆ. ರೂಮು ನೋಡಲು ಹೋಗುವ ತಂದೆ-ತಾಯಿ ನೀರು ಬರುತ್ತದಾ, ಬಸ್‌ಸ್ಟ್ಯಾಂಡು ಹತ್ತಿರವಾ ಎಂದು ಕೇಳುತ್ತಾರೆ. ಅರ್ಥಿಂಗ್ ಇದೆಯಾ ಎಂದು ಕೇಳಿದವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಬಚ್ಚಲಿನೊಳಗೇ ಗ್ಯಾಸ್ ಗೀಸರು ಇಟ್ಟು, ಗಾಳಿಕಿಂಡಿ ಇಲ್ಲದೆ ವಿಷಗಾಳಿಯಿಂದ ಮಕ್ಕಳು ಹೋದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ, ಅದನ್ನೂ ಕೇಳಬೇಕು.

ಕರೆಂಟಿನ ಮಾತು ಬಂದಾಗ ಇನ್ನೊಂದೂ ಹೊರಬಿತ್ತು. ಮೂರು ರೂಮಿಗೂ ಒಂದೇ ಮೀಟರು, ಅದೂ ಓನರ ಹೆಸರಿನಲ್ಲಿ. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಾಡಿಗೆದಾರರಿಗೂ ಪುಕ್ಕಟೆ ಕರೆಂಟು ಉಂಟು, ಆದರೆ ಬೇರೆ ಮೀಟರು ಇಲ್ಲದವರಿಗೆ ಅದು ಮುಟ್ಟುವುದಿಲ್ಲ. ಹುಡುಗರು ತಿಂಗಳಿಗೆ ಕರೆಂಟಿಗೆಂದು ಬೇರೆ ಕೊಡುತ್ತಿದ್ದರು. ಅದನ್ನು ಅವತ್ತು ಎತ್ತುವುದು ಬೇಡ ಎಂದು ದೊಡ್ಡಪ್ಪ ಕಣ್ಣಲ್ಲೇ ಹೇಳಿದರು. ಎಲ್ಲವನ್ನೂ ಒಂದೇ ದಿನ ಕೇಳಿದರೆ ಒಂದೂ ಆಗುವುದಿಲ್ಲ ಎಂಬುದು ಅವರ ಲೆಕ್ಕ.

ಓನರು ಮೇಸ್ತ್ರಿಯ ಜೊತೆ ಚೌಕಾಸಿಗೆ ಕೂತಾಗ ಬೀದಿಗೆ ಬಂದೆವು. ಅದೇ ಸಾಲಿನ ಇನ್ನೊಂದು ಮಹಡಿಯಲ್ಲಿ ಹುಡುಗಿಯರು ಇದ್ದರು, ಒಬ್ಬಳು ಮಳವಳ್ಳಿ ಕಡೆಯವಳೇ. ಊರಿನ ಮಾತು ಕೇಳಿ ನಗುತ್ತ ಕೆಳಗೆ ಬಂದಳು. ಹುಡುಗನ ತಾಯಿ ಅವಳ ರೂಮನ್ನೂ ನೋಡಬೇಕೆಂದಳು. ರೂಮು ಪರವಾಗಿರಲಿಲ್ಲ, ಗೋಡೆ ಒಣಗಿತ್ತು. ಬಚ್ಚಲು ಮಾತ್ರ ಹೊರಗೆ, ತಾರಸಿಯ ಆ ತುದಿಯಲ್ಲಿ. ತಗಡಿನ ಬಾಗಿಲು, ಒಳಚಿಲಕ ಕಿತ್ತುಹೋಗಿ ಆ ಜಾಗದಲ್ಲಿ ಎರಡು ತೂತು. ತೂತಿಗೆ ಸೆಣಬಿನ ದಾರ ಪೋಣಿಸಿ ಒಳಗಿನಿಂದ ಕೈಗೆ ಸುತ್ತಿಕೊಳ್ಳಬೇಕು. ದೀಪವಿಲ್ಲ. ರಾತ್ರಿಯಾದರೆ ಇಬ್ಬರು ಜೊತೆಯಾಗಿ ಹೋಗುತ್ತಾರೆ, ಒಬ್ಬಳು ಹೊರಗೆ ಮೊಬೈಲ್ ಟಾರ್ಚು ಹಿಡಿದು ನಿಲ್ಲುತ್ತಾಳೆ. ಪಕ್ಕದ ತಾರಸಿಯಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡುತ್ತಿದ್ದರೆ ಅವರು ಹೋಗುವವರೆಗೆ ಕಾಯುತ್ತಾರೆ. ನೀರು ಕುಡಿಯುವುದನ್ನೇ ಸಂಜೆಯ ಮೇಲೆ ಕಡಮೆ ಮಾಡಿದ್ದೇವೆ ಎಂದು ಆ ಮಗು ಬಲು ಸಹಜವಾಗಿ ಹೇಳಿತು.

“ಮನೇಲಿ ಹೇಳಿದ್ದೀಯೇನವ್ವ?”

“ಬೇಡ ಆಂಟಿ, ನೀವೂ ಹೇಳ್ಬೇಡಿ. ಹೇಳಿದ್ರೆ ವಾಪಸ್ ಬಾ ಅಂತಾರೆ.”

ಒಂದು ಚಿಲಕಕ್ಕೆ ಎಷ್ಟು? ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಆ ನೂರು ರೂಪಾಯಿಯ ರಿಪೇರಿ ಕೇಳಲು ಹುಡುಗಿಗೆ ಹೆದರಿಕೆ. ಓನರ ಹೆದರಿಕೆಗಿಂತ ಮನೆಯವರ ಹೆದರಿಕೆ ಹೆಚ್ಚು. ದೂರಿದರೆ ಸರಿಯಾಗುವುದು ಬಾಗಿಲಲ್ಲ, ನಿಲ್ಲುವುದು ಓದು ಎಂಬುದು ಅವಳಿಗೆ ಗೊತ್ತು. ಹೆಣ್ಣುಮಕ್ಕಳನ್ನು ರೂಮಿಗೆ ಕಳಿಸಿದ ತಂದೆ-ತಾಯಿಗೆ ನಾನು ಕೈಮುಗಿದು ಕೇಳುವುದಿಷ್ಟೇ: ಮಗಳು ತೊಂದರೆ ಹೇಳಿದಾಗ ‘ಹಾಗಾದ್ರೆ ಬಾ’ ಎನ್ನಬೇಡಿ, ‘ನಾಳೆ ನಾವು ಬರ್ತೀವಿ, ಓನರ್ ಹತ್ರ ಮಾತಾಡ್ತೀವಿ’ ಎನ್ನಿ. ಕಾಲೇಜುಗಳೂ ಅಷ್ಟೆ. ಮಕ್ಕಳು ಎಲ್ಲಿದ್ದಾರೆಂದು ವಿಳಾಸ ಬರೆಸಿಕೊಳ್ಳುತ್ತಾರೆ. ಅದರ ಜೊತೆಗೆ ಬಚ್ಚಲಿಗೆ ಚಿಲಕ, ಮೆಟ್ಟಿಲಿಗೆ ದೀಪ, ಪ್ಲಗ್ಗಿಗೆ ಅರ್ಥಿಂಗ್ ಉಂಟೇ ಎಂದು ಕೇಳಿ ಒಂದು ಪುಸ್ತಕದಲ್ಲಿ ಇಟ್ಟರೆ, ವರ್ಷದೊಳಗೆ ಯಾವ ಬೀದಿಯ ಯಾವ ಮನೆಗೆ ಮಕ್ಕಳು ಹೋಗಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಅದು ತಿಳಿದ ದಿನ ಓನರುಗಳೂ ಮೇಸ್ತ್ರಿಯನ್ನು ಹುಡುಕುತ್ತಾರೆ.

ಮಧ್ಯಾಹ್ನ ಕೆಳಗಿನ ಪಡಸಾಲೆಯಲ್ಲಿ ಕೂತು ಕಾಗದ ಬರೆದೆವು. ಬರೆಯುವ ಮಾತೆತ್ತಿದಾಗ ಓನರ ಮುಖ ಮತ್ತೆ ಬಿಗಿಯಿತು. “ಕಾಗ್ದ ಯಾಕೆ, ನನ್ ಮಾತ್ ಮೇಲೆ ನಂಬ್ಕೆ ಇಲ್ವಾ?” ಈ ಪ್ರಶ್ನೆ ಬಂದೇ ಬರುತ್ತದೆ, ಎಲ್ಲ ಕಡೆಯೂ. ಕೇಳಿದವನು ಹಿಂದೆಗೆಯುವುದೂ ಇಲ್ಲಿಯೇ. ಹುಡುಗನ ತಾಯಿ ಹಿಂದೆಗೆಯಲಿಲ್ಲ. “ನಂಬ್ಕೆ ಐತೆ ಅಣ್ಣ. ಮೊಟ್ಟೆ ತರುವಾಗ್ಲೂ ನಾವು ಚೀಟಿ ತಕೋತೀವಿ, ಗೂಡು ಮಾರೋವಾಗ್ಲೂ ಚೀಟಿ ತಕೋತೀವಿ. ಅವ್ರ ಮೇಲೆ ನಂಬ್ಕೆ ಇಲ್ದೆ ಅಲ್ಲ. ಮರ್ತೋಯ್ತದೆ ಅಂತ.” ಓನರ ಹೆಂಡತಿ ಒಳಗಿನಿಂದ ಕಾಫಿ ತಂದವರು, “ಬರ್ಕೊಡಿ, ಅದ್ರಲ್ಲೇನು, ನಿಮ್ಗೂ ಮರ್ವು” ಎಂದರು.

ನಾನು ಬರೆದೆ. ತಾರೀಕು ಹಾಕಿ, ಯಾವ ಕೆಲಸ ಯಾವ ದಿನದೊಳಗೆ ಎಂದು ಒಂದೊಂದೇ. ಅರ್ಥಿಂಗ್ ಮೊದಲು. ಫ್ಲೋಟು, ಕೊಳವೆ ಆ ವಾರ. ತಾರಸಿಯ ಹೊರಗಿನ ಗಾರೆ ಮಳೆ ಬಿಟ್ಟ ಕೂಡಲೇ, ಒಳಗಿನ ಪೊಳ್ಳು ಅದಾದ ಮೇಲೆ. ಅಲ್ಲಿಯವರೆಗೆ ಆ ಜಾಗದ ಕೆಳಗೆ ಯಾರೂ ಮಲಗಕೂಡದು. ಆ ತಾರೀಕಿನೊಳಗೆ ಆಗದಿದ್ದರೆ ಹುಡುಗರು ಮಾಡಿಸಿ ಬಿಲ್ಲು ತೋರಿಸಿ ಬಾಡಿಗೆಯಲ್ಲಿ ಮುರಿಯುವುದು. ಓನರು ಒಂದು ಮಾತು ಸೇರಿಸಲು ಕೇಳಿದರು: ಕೆಲಸವಾದ ಮೇಲೆ ತಿಂಗಳಿಗೆ ಮುನ್ನೂರು ಜಾಸ್ತಿ. ತಾಯಿ ಒಪ್ಪಲಿಲ್ಲ. ಸೋರದ ಮನೆಗೆ ಕೊಟ್ಟ ಬಾಡಿಗೆಯೇ ಇದು, ಸೋರುವಾಗಲೂ ಅಷ್ಟೇ ಕೊಟ್ಟಿದ್ದೇವೆ ಎಂದಳು. ಜಗ್ಗಾಡಿ ಕೊನೆಗೆ ಕರಾರು ಮುಗಿಯುವವರೆಗೆ ಏರಿಸುವುದಿಲ್ಲ, ಮುಗಿದ ಮೇಲೆ ಮಾತಾಡುವುದು ಎಂದು ನಿಂತಿತು. ಮೂರು ರೂಮಿನ ಹುಡುಗರೂ ಸಹಿ ಹಾಕಿದರು; ಒಬ್ಬೊಬ್ಬರಾಗಿ ಕೇಳಿದಾಗ ಸಿಗದ ಉತ್ತರ ಎಲ್ಲರೂ ಒಟ್ಟಿಗೆ ನಿಂತಾಗ ಸಿಕ್ಕಿತ್ತು.

ಓನರು ಒಪ್ಪದಿದ್ದರೆ ಏನು ಮಾಡುತ್ತಿದ್ದೆವು ಎಂದು ಹುಡುಗರು ಕೇಳಿದರು. ಇದೇ ಕಾಗದವನ್ನು ಫೋಟೊ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು, ರಸೀದಿ ಇಟ್ಟುಕೊಳ್ಳಬೇಕು. ಆಮೇಲೆ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಆದಾಯ ಕಡಮೆ ಇರುವವರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಫೋನು ಮಾಡುವುದಾದರೆ 15100. ಹುಡುಗ ಆ ನಂಬರನ್ನು ಬಾಗಿಲ ಹಿಂದೆ, ಹಾಲಿನವನ ಲೆಕ್ಕದ ಕೆಳಗೆ ಬರೆದುಕೊಂಡ.

ಅರ್ಥಿಂಗ್ ಮಾರನೆಯ ದಿನವಲ್ಲ, ಮೂರನೆಯ ದಿನ ಆಯಿತು. ಫ್ಲೋಟು ಬಂತು. ತಾರಸಿಯ ಗಾರೆ ಹೇಳಿದ ತಾರೀಕು ದಾಟಿತು. ಹುಡುಗರು ಕಾಗದ ಹಿಡಿದು ಕೆಳಗಿಳಿದರು, ಮೇಸ್ತ್ರಿ ಅದೇ ವಾರ ಬಂದ. ಗಾರೆ ಮುಗಿದ ಮೇಲೆ ಸುತ್ತ ಮಣ್ಣಿನ ಏರಿ ಕಟ್ಟಿ ಒಂದು ದಿನ ನೀರು ನಿಲ್ಲಿಸಿ ನೋಡಿದರಂತೆ, ಕೆಳಗೆ ಹನಿಯಲಿಲ್ಲ. ಬೂಷ್ಟಿನ ಗೋಡೆಯನ್ನು ಹುಡುಗನ ಅವ್ವ ತಾನೇ ಬ್ಲೀಚಿಂಗ್ ನೀರು ಹಾಕಿ ಉಜ್ಜಿಸಿದಳು, ಸುಣ್ಣ ಆಮೇಲೆ ಎಂದು ಕಟ್ಟುನಿಟ್ಟಾಗಿ ಹೇಳಿ ಹೋದಳು. ಆ ಹುಡುಗಿಯರ ಬಚ್ಚಲಿಗೆ ದೊಡ್ಡಪ್ಪ ಚಿಲಕ ಕೊಂಡು ಹಾಕಿಕೊಟ್ಟರು, ದೀಪಕ್ಕೆ ಅವರ ಓನರನ್ನು ಕೇಳಬೇಕಾಗಿದೆ. ಹೊಸ ಕರಾರು ಬರೆಸುವಾಗ ‘ಮಾಲೀಕರು ಮಾಡಿಸಬೇಕಾದ್ದು’ ಎಂಬ ತಲೆಬರಹ ಇರಲೇಬೇಕೆಂದು ಬಾಂಡ್ ಬರೆಯುವವರಿಗೆ ಹುಡುಗರು ಮೊದಲೇ ಹೇಳಿಟ್ಟಿದ್ದಾರೆ. ಅದರಡಿಯಲ್ಲಿ ಮೊದಲು ಬರುವುದು ಮೀಟರಿನ ವಿಷಯ.